ಸ್ಕಾಟ್ಲೆಂಡಿಗೆ ಕ್ರಿಕೆಟ್ ಪ್ರವಾಸ ಹೊರಡುವ ಕ್ಲಬ್‌ಗಳಿಗೆ

ಸ್ಕಾಟ್ಲೆಂಡಿಗೆ ತಂಡ ಕರೆದೊಯ್ಯುವ ಹವ್ಯಾಸಿ ಕ್ಲಬ್‌ಗಳು ಜೂನ್ ತಿಂಗಳನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಆ ತಿಂಗಳಲ್ಲಿ ಎಡಿನ್‌ಬರೋದಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಸುಮಾರು 10 ಗಂಟೆಯಾಗುವುದರಿಂದ, ಸಂಜೆ 6ಕ್ಕೆ ಆರಂಭವಾದ 20 ಓವರುಗಳ ಪಂದ್ಯವನ್ನು ದೀಪಗಳ ನೆರವಿಲ್ಲದೆಯೇ ಮುಗಿಸಬಹುದು. ವೀಸಾ ಅರ್ಜಿಯನ್ನು ಪ್ರಯಾಣಕ್ಕೆ 3 ತಿಂಗಳಿಗಿಂತ ಮುಂಚೆ ಸಲ್ಲಿಸಲು ಬರುವುದಿಲ್ಲವಾದ್ದರಿಂದ, ಆತಿಥೇಯ ಕ್ಲಬ್‌ನ ಆಹ್ವಾನಪತ್ರವನ್ನು ಮೊದಲೇ ತರಿಸಿಟ್ಟುಕೊಳ್ಳಿ.

ಮಳೆಯನ್ನು ಲೆಕ್ಕಕ್ಕೆ ಹಿಡಿದೇ ವೇಳಾಪಟ್ಟಿ ಹಾಕಿ. ದಿನಕ್ಕೊಂದು ಪಂದ್ಯವಿಟ್ಟರೆ ಮುಂದೂಡಲು ದಿನವೇ ಉಳಿಯುವುದಿಲ್ಲ. ಒದ್ದೆ ಪಿಚ್ಚಿನಲ್ಲಿ ಚೆಂಡು ನಿಂತು, ಅಂದರೆ ನಿಧಾನವಾಗಿ, ಬರುತ್ತದೆ. ನಮ್ಮ ಮ್ಯಾಟಿಂಗ್ ವಿಕೆಟ್ಟಿನ (ಚಾಪೆ ಹಾಸಿದ ಪಿಚ್ಚಿನ) ಪುಟಿತಕ್ಕೆ ಒಗ್ಗಿಕೊಂಡ ಬ್ಯಾಟ್ಸ್‌ಮನ್ನರು ಬೇಗ ಡ್ರೈವ್ ಮಾಡಲು ಹೋಗಿ ಕವರ್ಸ್‌ನಲ್ಲಿ ಕ್ಯಾಚಿತ್ತು ಮರಳುವುದೇ ಹೆಚ್ಚು. ಚೆಂಡನ್ನು ಹತ್ತಿರ ಬರಗೊಟ್ಟು ಆಡುವುದನ್ನು ಹೊರಡುವ ಮೊದಲು ಇಲ್ಲಿಯೇ ಅಭ್ಯಾಸ ಮಾಡಿ. ಕೆಲವು ಮೈದಾನಗಳಲ್ಲಿ ಕೃತಕ ಪಿಚ್ ಇರುವುದರಿಂದ ಸ್ಪೈಕ್ಸ್ ಶೂ ಜೊತೆಗೆ ರಬ್ಬರ್ ಅಡಿಯ ಶೂ ಕೂಡ ಇರಲಿ. ಬೌಲರುಗಳ ಸೊಂಟದಲ್ಲಿ ಚೆಂಡು ಒರೆಸಲು ಒಣ ಟವೆಲ್ ಸಿಕ್ಕಿಸಿರಲಿ.

ಇನಿಂಗ್ಸ್ ನಡುವಿನ ಚಹಾದ ಜೊತೆ ಸ್ಯಾಂಡ್‌ವಿಚ್ ಬರುತ್ತದೆ. ಸಸ್ಯಾಹಾರಿಗಳ ಸಂಖ್ಯೆಯನ್ನು ಮೊದಲೇ ತಿಳಿಸಿಬಿಡಿ. ಬಿಡುವಿನ ದಿನ ಎಡಿನ್‌ಬರೋದ ಗ್ರೇಂಜ್ ಮೈದಾನಕ್ಕೆ ತಪ್ಪದೆ ಹೋಗಿ: 2018ರ ಜೂನ್ 10ರಂದು ಸ್ಕಾಟ್ಲೆಂಡ್ 371 ರನ್ ಗಳಿಸಿ ಇಂಗ್ಲೆಂಡನ್ನು 6 ರನ್ನುಗಳಿಂದ ಸೋಲಿಸಿದ್ದು ಅಲ್ಲಿಯೇ.