ಸಿಐಇ, ಎನ್‌ಇ, ಇಯರ್ ಬ್ಯಾಕ್: ಅಪ್ಪ ಅಮ್ಮಂದಿರಿಗೆ ಕಾಲೇಜಿನ ಮಾತು ತಿಳಿಸಿದ ನನ್ನ ಅನುಭವ

ನಾನು ವಿಟಿಯುಗೆ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸೇರಿದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಜೊತೆಗೆ ಒಂದಷ್ಟು ಮಕ್ಕಳಿಗೆ ಮೆಂಟರ್. ಅವರ ಹಾಜರಿ, ಅಂಕ ನೋಡಿಕೊಂಡು ಬೇಕಾದಾಗ ಮನೆಗೆ ಫೋನ್ ಮಾಡುವುದು ನನ್ನ ಕೆಲಸ. "ಎರಡನೇ ಐಎನಲ್ಲಿ ಕಡಿಮೆ ಬಂದಿದೆ, ಸಿಐಇ ಶಾರ್ಟ್ ಆಗಬಹುದು" ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ. (ಐಎ ಅಂದರೆ ಸೆಮಿಸ್ಟರಿನ ನಡುವೆ ಕಾಲೇಜಿನಲ್ಲೇ ನಡೆಯುವ ಪರೀಕ್ಷೆ, ಸಿಐಇ ಅಂದರೆ ಕಾಲೇಜೇ ಕೊಡುವ ಅಂಕ.) ಆ ಕಡೆಯಿಂದ "ಆಯ್ತು ಮೇಡಂ, ಹೇಳ್ತೀನಿ" ಅಂತ ಉತ್ತರ ಬರುತ್ತದೆ. ಏನು ಹೇಳಬೇಕು ಅನ್ನುವುದು ಪಾಪ ಅವರಿಗೆ ಗೊತ್ತಾಗಿರುವುದಿಲ್ಲ. ಕೇಳುವುದಕ್ಕೆ ಸಂಕೋಚ. ಮಗನನ್ನೇ ಕೇಳಿದರೆ "ಅದೆಲ್ಲ ನಿಮಗೆ ಗೊತ್ತಾಗಲ್ಲ ಬಿಡಿ" ಅನ್ನುತ್ತಾನೆ.

ಅದಕ್ಕೇ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಪೋಷಕರು ಯಾವ ಪದ ಬಂದಾಗ ಸುಮ್ಮನಾಗುತ್ತಾರೋ ಅದನ್ನು ಬರೆದುಕೊಳ್ಳುತ್ತಾ ಹೋದೆ. ಪದಗಳು ಸೇರಿದ ಮೇಲೆ ಅಕಾರಾದಿಯಾಗಿ ಜೋಡಿಸಿ ಪಟ್ಟಿ ಕೊಡುವುದು ಸುಲಭವಿತ್ತು. ಆದರೆ ಸಿಐಇ ಅಂದರೆ ಕಂಟಿನ್ಯೂಯಸ್ ಇಂಟರ್ನಲ್ ಇವ್ಯಾಲ್ಯುಯೇಷನ್ ಅಂತ ಬರೆದುಕೊಟ್ಟರೆ ಯಾರಿಗೆ ಏನು ಸಿಕ್ಕಿತು? ಗೊತ್ತಿಲ್ಲದ ಒಂದು ಪದದ ಜಾಗದಲ್ಲಿ ಗೊತ್ತಿಲ್ಲದ ಮೂರು ಪದ ಬಂತು, ಅಷ್ಟೇ. ಹಾಗಾಗಿ ಪ್ರತಿ ಪದಕ್ಕೂ ಮೂರೇ ಪ್ರಶ್ನೆ ಹಾಕಿಕೊಂಡೆ. ಇದರ ಹಿಂದೆ ದುಡ್ಡು ಕಟ್ಟುವುದಿದೆಯಾ? ಕೊನೇ ದಿನಾಂಕ ಇದೆಯಾ? ಮಗುವಿಗೆ ತೊಂದರೆ ಆಗುವ ವಿಷಯವಾ? ಮೂರರಲ್ಲಿ ಒಂದೂ ಇಲ್ಲದಿದ್ದರೆ ಆ ಪದವನ್ನು ಬಿಟ್ಟೆ. ಇಡೀ ತರಗತಿ ಒಟ್ಟಿಗೆ ಚಕ್ಕರ್ ಹಾಕುವ ಮಾಸ್ ಬಂಕ್, ಬೇರೆಯವರ ಬದಲು ಹಾಜರಿ ಹೇಳುವ ಪ್ರಾಕ್ಸಿ ಇವೆಲ್ಲ ಹಾಜರಿಗೆ ಸಂಬಂಧಪಟ್ಟಿದ್ದರಿಂದ ಉಳಿದವು. ಹುಡುಗ ಹುಡುಗಿಯರು ತಮ್ಮೊಳಗೆ ಆಡಿಕೊಳ್ಳುವ ಮಾತನ್ನು ಮುಟ್ಟಲಿಲ್ಲ. ಕೆಲವು ಪೋಷಕರು ಅದನ್ನೂ ಕೇಳಿದರು. ಮಕ್ಕಳ ವಾಟ್ಸಾಪ್ ಓದಿ ಅರ್ಥ ಹೇಳುವ ಕೆಲಸ ನನ್ನದಲ್ಲ ಅಂದೆ.

ಹೆಚ್ಚು ಸಮಯ ತಗೊಂಡಿದ್ದು ಅಂಕದ ವಿಷಯ. ವಿಟಿಯುನ 2022ರ ಸ್ಕೀಮ್‌ನಲ್ಲಿ, ಅಂದರೆ ಪಠ್ಯ ಮತ್ತು ಪರೀಕ್ಷೆಯ ನಿಯಮದಲ್ಲಿ, ಒಂದು ಥಿಯರಿ ವಿಷಯಕ್ಕೆ ಒಟ್ಟು 100 ಅಂಕ. ಅರ್ಧ, ಅಂದರೆ 50, ಕಾಲೇಜಿನಲ್ಲೇ ಸೆಮಿಸ್ಟರ್ ಉದ್ದಕ್ಕೂ ಕೊಡುವುದು. ಅದೇ ಸಿಐಇ. ಮಕ್ಕಳ ಬಾಯಲ್ಲಿ ಇಂಟರ್ನಲ್ಸ್. ಇನ್ನು 50 ಕೊನೆಯ ಪರೀಕ್ಷೆಯದು, ಎಸ್‌ಇಇ. ಆ ಪರೀಕ್ಷೆ ಬರೆಯುವುದು 100ಕ್ಕೆ, ಆಮೇಲೆ 50ಕ್ಕೆ ಇಳಿಸುತ್ತಾರೆ. ಇಂಟರ್ನಲ್ಸ್‌ನಲ್ಲಿ ಕನಿಷ್ಠ 20 ಬೇಕು, ಪರೀಕ್ಷೆಯಲ್ಲಿ ಕನಿಷ್ಠ 18. ಇಲ್ಲಿಯವರೆಗೆ ಎಲ್ಲರೂ ತಲೆಯಾಡಿಸುತ್ತಾರೆ. ಆಗ ನಾನು ಕೇಳುತ್ತೇನೆ, "ಹಾಗಾದರೆ 20 ಮತ್ತು 18 ಬಂದರೆ ಪಾಸಾ?" ಪಾಸು ಅನ್ನುತ್ತಾರೆ. ಅಲ್ಲ. ಎರಡೂ ಸೇರಿ 40 ಆಗಲೇಬೇಕು. ಬಂದಿರುವುದು 38. ಈ ಲೆಕ್ಕ ಒಮ್ಮೆ ಮಾಡಿಸಿದರೆ ಇಂಟರ್ನಲ್ಸ್ ಯಾಕೆ ಮುಖ್ಯ ಅಂತ ಬೇರೆ ಭಾಷಣ ಬೇಕಾಗುವುದಿಲ್ಲ.

ಫಲಿತಾಂಶದ ಪುಟದಲ್ಲಿ ಪಿ, ಎಫ್, ಎ, ಡಬ್ಲ್ಯೂ, ಎನ್‌ಇ ಅಂತ ಅಕ್ಷರಗಳಿರುತ್ತವೆ. ಪಿ ಪಾಸು, ಎಫ್ ಫೇಲು, ಎ ಅಂದರೆ ಪರೀಕ್ಷೆಗೆ ಹೋಗಿಲ್ಲ. ಡಬ್ಲ್ಯೂ ಅಂದರೆ ಫಲಿತಾಂಶ ತಡೆಹಿಡಿದಿದ್ದಾರೆ. ಎನ್‌ಇ ಬಗ್ಗೆ ಮಾತ್ರ ನಿಧಾನವಾಗಿ ಹೇಳುತ್ತೇನೆ. ಅದು ಫೇಲ್ ಅಲ್ಲ. ಇಂಟರ್ನಲ್ಸ್ ಸಾಲದೆ ಅಥವಾ ಹಾಜರಿ ಕಡಿಮೆಯಾಗಿ ಪರೀಕ್ಷೆಗೆ ಅರ್ಹತೆಯೇ ಸಿಗಲಿಲ್ಲ ಅಂತ. ಹಾಜರಿ ಶೇಕಡ 85 ಇರಬೇಕು. ತಕ್ಕ ಕಾರಣವಿದ್ದರೆ ಶೇಕಡ 10ರವರೆಗೆ ಕೊರತೆಯನ್ನು ಮನ್ನಾ ಮಾಡಲು ಅವಕಾಶ ಇದೆ. ಅದಕ್ಕೆ ಕಂಡೊನೇಷನ್ ಅನ್ನುತ್ತಾರೆ. "75 ಇದ್ದರೆ ಸಾಕು" ಅಂತ ಮಕ್ಕಳು ಮನೆಯಲ್ಲಿ ಹೇಳುವುದು ಇದನ್ನೇ. ಅದು ಕೇಳಿ ಪಡೆಯುವ ರಿಯಾಯಿತಿ, ಹಕ್ಕಲ್ಲ.

ಇನ್ನೊಂದು ಗೊಂದಲ ಗ್ರೇಡಿನದು. ಕಾರ್ಡಿನಲ್ಲಿ 'ಓ' ನೋಡಿ ಸೊನ್ನೆ ಅಂದುಕೊಂಡು ಮಗಳನ್ನು ಬೈದವರಿದ್ದಾರೆ. ಅದು ಔಟ್‌ಸ್ಟ್ಯಾಂಡಿಂಗ್, 10ಕ್ಕೆ 10 ಪಾಯಿಂಟ್. ಅದರ ಕೆಳಗೆ ಎ ಪ್ಲಸ್, ಎ, ಬಿ ಪ್ಲಸ್, ಬಿ, ಸಿ, ಪಿ. ಎಸ್‌ಜಿಪಿಎ ಒಂದು ಸೆಮಿಸ್ಟರಿನ ಸರಾಸರಿ ಪಾಯಿಂಟ್, ಸಿಜಿಪಿಎ ಇಲ್ಲಿಯವರೆಗಿನ ಎಲ್ಲ ಸೆಮಿಸ್ಟರಿನದು. ಕ್ರೆಡಿಟ್ ಅಂದರೆ ವಿಷಯದ ತೂಕ. 4 ಕ್ರೆಡಿಟ್ ವಿಷಯದಲ್ಲಿ 8, 1 ಕ್ರೆಡಿಟ್ ವಿಷಯದಲ್ಲಿ 10 ಬಂದರೆ ಸರಾಸರಿ 9 ಅಲ್ಲ, 8.4. ಹಾಳೆಯ ಮೇಲೆ ಗುಣಿಸಿ ತೋರಿಸಿದೆ. ವ್ಯಾಪಾರ ಮಾಡುವ ಅಪ್ಪಂದಿರಿಗೆ ಇದು ನಮ್ಮ ಮಕ್ಕಳಿಗಿಂತ ಬೇಗ ತಿಳಿಯಿತು!

ಬ್ಯಾಕ್, ಇಯರ್ ಬ್ಯಾಕ್ ಎರಡೂ ಒಂದೇ ಅಂತ ತುಂಬ ಜನ ತಿಳಿದಿರುತ್ತಾರೆ. ಬ್ಯಾಕ್ ಅಂದರೆ ಒಂದು ವಿಷಯ ಬಾಕಿ ಉಳಿದಿದೆ, ಮುಂದಿನ ಸಲ ಬರೆದರಾಯಿತು. ನಿಯಮದ ಮಿತಿ ಮೀರಿ ವಿಷಯಗಳು ಉಳಿದು ಮುಂದಿನ ವರ್ಷಕ್ಕೆ ಹೋಗಲಾಗದಿದ್ದರೆ ಇಯರ್ ಬ್ಯಾಕ್. "ಒಂದು ಬ್ಯಾಕ್ ಇದೆ" ಅಂತ ಮಗ ತಾನಾಗಿ ಹೇಳಿದ ದಿನ ಮನೆಯಲ್ಲಿ ರಂಪ ಮಾಡಬೇಡಿ ಅಂತ ನಾನು ಕೈಮುಗಿದು ಕೇಳುತ್ತೇನೆ. ಮುಂದಿನ ಸಲ ಅವನು ಹೇಳುವುದಿಲ್ಲ. ರೀವಾಲ್ ಅಂದರೆ ಉತ್ತರ ಪತ್ರಿಕೆ ಮತ್ತೆ ನೋಡಿಸುವುದು. ಇದಕ್ಕೆ ದುಡ್ಡೂ ಇದೆ, ಕೊನೇ ದಿನಾಂಕವೂ ಇದೆ. ಮಗ ಕೇಳಿದರೆ ತಡಮಾಡಬೇಡಿ.

ಯುಎಸ್‌ಎನ್, ಅಂದರೆ ವಿದ್ಯಾರ್ಥಿಗೆ ವಿಶ್ವವಿದ್ಯಾಲಯ ಕೊಡುವ ನಂಬರ್, ಅದನ್ನು ಮಾತ್ರ ಎಲ್ಲರೂ ಬರೆದುಕೊಂಡು ಹೋಗಬೇಕು. ಮೊದಲ ಅಂಕಿ ವಲಯ: 1 ಬೆಂಗಳೂರು, 2 ಬೆಳಗಾವಿ, 3 ಕಲಬುರಗಿ, 4 ಮೈಸೂರು. ಆಮೇಲೆ ಕಾಲೇಜಿನ ಎರಡಕ್ಷರ, ಸೇರಿದ ವರ್ಷ, ಬ್ರಾಂಚು, ಕೊನೆಗೆ ಮೂರಂಕಿ ಸಂಖ್ಯೆ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರದು 400ರಿಂದ ಶುರುವಾಗುತ್ತದೆ. ಅವರೇ ಲ್ಯಾಟರಲ್ ಎಂಟ್ರಿ. ಈ ನಂಬರ್ ಇದ್ದರೆ ಫಲಿತಾಂಶ ನೋಡಲು ಮಗನ ಮರ್ಜಿ ಕಾಯಬೇಕಿಲ್ಲ. (ಇದನ್ನು ಹೇಳಿದ್ದಕ್ಕೆ ನನ್ನ ವಿದ್ಯಾರ್ಥಿಗಳು ವಾರಗಟ್ಟಲೆ ಮುಖ ಗಂಟಿಕ್ಕಿದ್ದರು.)

ಅಪಾಯದ ಪದ ಅಂತ ನಾನು ಗಟ್ಟಿಯಾಗಿ ಹೇಳುವುದು ಒಂದೇ, 'ಇಂಟ್ರೋ'. ಸೀನಿಯರ್‌ಗಳು ಕರೆದು ಇಂಟ್ರೋ ತಗೊಂಡರು ಅಂದರೆ ಹೆಸರು, ಊರು ಕೇಳಿ ಬಿಟ್ಟಿರಬಹುದು. ರ‍್ಯಾಗಿಂಗ್ ಕೂಡ ಆಗಿರಬಹುದು. ಮಗು ಆ ಪದ ಬಳಸಿದರೆ ಎಲ್ಲಿ, ಎಷ್ಟು ಹೊತ್ತಿಗೆ, ಯಾರ ಜೊತೆ ಅಂತ ಮೆತ್ತಗೆ ಕೇಳಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2009ರ ನಿಯಮದ ಪ್ರಕಾರ ರ‍್ಯಾಗಿಂಗ್ ವಿರುದ್ಧ ಮಕ್ಕಳೂ ಪೋಷಕರೂ ಮುಚ್ಚಳಿಕೆ ಬರೆದುಕೊಡಬೇಕು. ಸೇರುವ ದಿನ ಕಾಗದದ ರಾಶಿಯಲ್ಲಿ ಅದಕ್ಕೂ ಸಹಿ ಹಾಕಿರುತ್ತೀರಿ. ದಿನವಿಡೀ ಇರುವ ಸಹಾಯವಾಣಿ 1800-180-5522. ಹೆಸರು ಹೇಳದೆಯೂ ದೂರು ಕೊಡಬಹುದು.

ಕೊನೆಯ ವರ್ಷದವರಿಗೆ ಬೇರೆಯದೇ ಭಾಷೆ. ಪಿಪಿಒ ಅಂದರೆ ಇಂಟರ್ನ್‌ಶಿಪ್ ಮಾಡಿದ ಕಡೆಯೇ ಕೆಲಸಕ್ಕೂ ಕರೆದಿದ್ದಾರೆ. ಸಿಟಿಸಿ ಅಂದರೆ ಕಂಪನಿ ಒಬ್ಬರಿಗೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು. 12 ಲಕ್ಷ ಸಿಟಿಸಿ ಅಂದರೆ ತಿಂಗಳಿಗೆ ಒಂದು ಲಕ್ಷ ಕೈಗೆ ಬರುತ್ತದೆ ಅಂತಲ್ಲ. ಕಂಪನಿ ಕಟ್ಟುವ ಪಿಎಫ್, ಗ್ರ್ಯಾಚುಯಿಟಿ, ಸಿಕ್ಕರೆ ಸಿಗುವ ಬೋನಸ್ ಎಲ್ಲ ಅದರಲ್ಲೇ ಸೇರಿರಬಹುದು. ಮದುವೆ, ಸಾಲದ ಲೆಕ್ಕ ಹಾಕುವ ಮೊದಲು ಇದನ್ನು ತಿಳಿದುಕೊಳ್ಳಿ ಅಂತೀನಿ.

ಇದನ್ನೆಲ್ಲ ತಲುಪಿಸಿದ್ದು ಹೇಗೆ ಅಂದರೆ, ಹಾಳೆಯಲ್ಲಿ ಅಲ್ಲ, ವಾಟ್ಸಾಪ್ ವಾಯ್ಸ್ ಮೆಸೇಜಿನಲ್ಲಿ. ಒಂದು ಮೆಸೇಜಿಗೆ ಒಂದೇ ಪದ, ಅದೂ ಆ ಪದ ಬೇಕಾಗುವ ವಾರದಲ್ಲಿ. ಐಎ ಶುರುವಾಗುವ ಮೊದಲು ಸಿಐಇ, ಫಲಿತಾಂಶದ ಹಿಂದಿನ ದಿನ ಎನ್‌ಇ. ಬಸ್ಸಿನಲ್ಲಿ, ಹೊಲದಲ್ಲಿ ಇದ್ದಾಗಲೂ ಕೇಳಬಹುದು, ಮತ್ತೆ ಮತ್ತೆ ಕೇಳಬಹುದು. ಈಗ ರೆಕಾರ್ಡ್ ಮಾಡುವುದು ಎರಡನೇ ವರ್ಷದ ಮಕ್ಕಳು. ತಮ್ಮ ಅಮ್ಮನಿಗೆ ಹೇಳುವಂತೆ ಹೇಳಿ ಅಂತಷ್ಟೇ ಹೇಳಿದ್ದೇನೆ. ನಾನು ಅಂಕಿಗಳನ್ನು ಮಾತ್ರ ನೋಡುತ್ತೇನೆ. ಒಬ್ಬ ಹುಡುಗ ಉತ್ತರ ಕರ್ನಾಟಕದ ಕನ್ನಡದಲ್ಲಿ ಇಯರ್ ಬ್ಯಾಕ್ ವಿವರಿಸಿದ್ದು ನಮ್ಮ ಗ್ರೂಪಿನಲ್ಲಿ ಹೆಚ್ಚು ಜನ ಕೇಳಿದ ಮೆಸೇಜು.

ಇತ್ತೀಚೆಗೆ ಸೇರಿಸಿದ ಪದ ಎಬಿಸಿ. 2021ರಲ್ಲಿ ಶುರುವಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್. ಬ್ಯಾಂಕ್ ಅಂತಲೂ ಕ್ರೆಡಿಟ್ ಅಂತಲೂ ಇರುವುದರಿಂದ ಸಾಲದ ವಿಷಯ ಅಂತ ಹೆದರಿ ಫೋನ್ ಮಾಡುತ್ತಾರೆ. ಇದು ಓದಿನ ಕ್ರೆಡಿಟ್ ಜಮೆಯಾಗುವ ಖಾತೆ, ದುಡ್ಡಿಗೂ ಇದಕ್ಕೂ ಸಂಬಂಧವಿಲ್ಲ. ಡಿಜಿಲಾಕರ್‌ನಲ್ಲಿ ಮಗುವೇ ಮಾಡಿಕೊಳ್ಳಬಹುದು. ಎಬಿಸಿ ಹೆಸರಲ್ಲಿ ಯಾರಾದರೂ ಫೋನ್ ಮಾಡಿ ಒಟಿಪಿ ಕೇಳಿದರೆ ಕೊಡಬೇಡಿ, ಇಟ್ಟುಬಿಡಿ.