ಅಮೆರಿಕಾದ ಟ್ಯಾಕ್ಸ್ ಕಟ್ ಜಗಳ: ಟಿವಿ ಜೊತೆ ಪೇ ಸ್ಲಿಪ್ಪೂ ನೋಡಿ

ಅಮೆರಿಕಾಗೆ ಹೊಸದಾಗಿ ಬಂದು ಟಿವಿ ಹಾಕಿದ್ರೆ ತಲೆ ಕೆಡತ್ತೆ, ಡೆಮಾಕ್ರಟ್ಸ್ "ಶ್ರೀಮಂತರಿಗೆ ಟ್ಯಾಕ್ಸ್ ಕಟ್" ಅಂತಾರೆ, ರಿಪಬ್ಲಿಕನ್ಸ್ "ಎಲ್ರಿಗೂ ಇಳಿಸಿದೀವಲ್ಲ" ಅಂತಾರೆ. ಇಬ್ರದ್ದೂ ನಿಜಾನೇ ಮಾರಾಯ್ರೆ. 2017ರ ಕಾನೂನಲ್ಲಿ ಬಹುತೇಕ ಸ್ಲ್ಯಾಬ್ ಇಳೀತು, ಮೇಲ್ಗಡೆದು 39.6ರಿಂದ 37 ಪರ್ಸೆಂಟ್ ಆಯ್ತು, ಕಂಪನಿಗಳದ್ದು ಮಾತ್ರ 35ರಿಂದ ಧೊಪ್ ಅಂತ 21ಕ್ಕೆ.

ಇಲ್ಲೊಂದು ತಮಾಷೆ ಇದೆ. ಸೆನೆಟಲ್ಲಿ, ಅಂದ್ರೆ ಸಂಸತ್ತಿನ ಮೇಲ್ಮನೇಲಿ, ಮಾಮೂಲಿ ಬಿಲ್ ಮುಂದೆ ಹೋಗ್ಬೇಕಂದ್ರೆ 100ರಲ್ಲಿ 60 ವೋಟು ಬೇಕು, ರಿಕನ್ಸಿಲಿಯೇಷನ್ ಅನ್ನೋ ಬಜೆಟ್ ದಾರಿ ಹಿಡಿದ್ರೆ ಬರೀ ಬಹುಮತ ಸಾಕು, ಆದ್ರೆ ಸಾಮಾನ್ಯವಾಗಿ ಹತ್ತು ವರ್ಷದ ಆಚೆಗೆ ಬಜೆಟ್ ಕೊರತೆ ಹೆಚ್ಚಿಸೋ ಹಾಗಿಲ್ಲ. ಅದಕ್ಕೇ ಜನರ ರೇಟ್‌ಗಳಿಗೆ 2025ರ ಕೊನೆ ಅಂತ ಎಕ್ಸ್‌ಪೈರಿ ಡೇಟ್ ಹೊಡೆದ್ರು, ಕಂಪನಿಗಳ 21ಕ್ಕೆ ಹೊಡೀಲಿಲ್ಲ! ಆಮೇಲೆ 2025ರಲ್ಲಿ "ಈಗಿರೋ ರೇಟ್ ಮುಂದುವರ್ಸೋದು ಹೊಸ ಖರ್ಚೇ ಅಲ್ಲ" ಅಂತ ಲೆಕ್ಕ ತೋರ್ಸಿ ಜನರ ರೇಟ್‌ಗಳನ್ನೂ ಪರ್ಮನೆಂಟ್ ಮಾಡಿದ್ರು, ಸೆನೆಟಲ್ಲಿ 50-50 ಆಗಿ ವೈಸ್ ಪ್ರೆಸಿಡೆಂಟ್ ವ್ಯಾನ್ಸ್ ವೋಟ್ ಹಾಕ್ಬೇಕಾಯ್ತು, ಜುಲೈ 4ಕ್ಕೆ ಟ್ರಂಪ್ ಸಹಿ. ಸಂಸತ್ತಿನದೇ ಬಜೆಟ್ ಆಫೀಸು ಹತ್ತು ವರ್ಷಕ್ಕೆ 3.4 ಟ್ರಿಲಿಯನ್ ಡಾಲರ್ ಕೊರತೆ ಜಾಸ್ತಿ ಆಗತ್ತೆ ಅಂತು. ನಂಗಂತೂ ಇದು ಸಾಲದ ಚೀಟಿ ಹರಿದು ಹಾಕಿ ಸಾಲ ತೀರ್ತು ಅಂದಂಗೆ ಕಾಣ್ತು.

ಬಜೆಟ್ ಕೊನೇ ಸಲ ಉಳಿತಾಯ ಕಂಡಿದ್ದು 1998ರಿಂದ 2001. ಡೆಮಾಕ್ರಟ್ ಅಧ್ಯಕ್ಷ ಕ್ಲಿಂಟನ್ 1993ರಲ್ಲಿ ಒಬ್ಬ ರಿಪಬ್ಲಿಕನ್ ವೋಟೂ ಇಲ್ದೆ ಟ್ಯಾಕ್ಸ್ ಏರಿಸಿದ್ರು, 1997ರಲ್ಲಿ ರಿಪಬ್ಲಿಕನ್ ಬಹುಮತದ ಸಂಸತ್ತಿನ ಜೊತೆ ಬಜೆಟ್ ಒಪ್ಪಂದ ಆಯ್ತು, ಮಧ್ಯ ಡಾಟ್‌ಕಾಮ್ (ಇಂಟರ್ನೆಟ್ ಕಂಪನಿಗಳ) ಭರಾಟೆಯ ದುಡ್ಡೂ ಬಂತು, ಹಂಗಾಗಿ ಕ್ರೆಡಿಟ್‌ಗೆ ಇವತ್ತಿಗೂ ಕಿತ್ತಾಟ. ನಾನ್ ಗಮನಿಸಿದ್ದು, ಕೊರತೆ ಬಗ್ಗೆ ಜೋರು ಗಲಾಟೆ ಮಾಡೋದು ಅಧಿಕಾರದಲ್ಲಿ ಇಲ್ದಿರೋರು.

ಈಗ ನಿಮ್ ಪೇ ಸ್ಲಿಪ್ ತೆಗೀರಿ. ಫೆಡರಲ್ ಇನ್‌ಕಮ್ ಟ್ಯಾಕ್ಸ್ ಕೆಳಗೆ ಸೋಷಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿಗೆ) 6.2 ಪರ್ಸೆಂಟ್, ಮೆಡಿಕೇರ್ (ವಯಸ್ಸಾದವರ ಆರೋಗ್ಯ ವಿಮೆಗೆ) 1.45 ಅಂತ ಇರತ್ತಲ್ಲ, ಈ ರೇಟ್ ಕಟ್‌ಗಳು ಅದನ್ನ ಮುಟ್ಟೋದೇ ಇಲ್ಲ. ಒಂದು ಮಿತಿ (2025ರಲ್ಲಿ 176,100 ಡಾಲರ್ ಇತ್ತು) ದಾಟಿದ ಸಂಬಳಕ್ಕೆ ಆ 6.2 ನಿಂತೋಗತ್ತೆ, ಅಂದ್ರೆ ಆ ಭಾರ ಜಾಸ್ತಿ ಹೊರೋದು ಮಧ್ಯಮ ವರ್ಗನೇ. ಎಚ್-1ಬಿ ಕೆಲಸದ ವೀಸಾದೋರೂ ಕಟ್ತೀರಿ, ಆದ್ರೆ ಭಾರತದ ಜೊತೆ ಇದಕ್ಕೆ ಒಪ್ಪಂದ ಇಲ್ಲ, ಹತ್ತು ವರ್ಷದ ಕೆಲಸದಷ್ಟು ಕ್ರೆಡಿಟ್ ಆಗದೆ ವಾಪಸ್ ಹೋದ್ರೆ ಪಿಂಚಣಿ ಮಾತು ಸಾಮಾನ್ಯವಾಗಿ ಮುಗೀತು. ಕಟ್ಟೋಕೆ ನಾವು, ಓಟಿಗೆ ಮಾತ್ರ ಸಿಟಿಜನ್ಸ್.

ನ್ಯೂಜೆರ್ಸಿಲಿ ಮನೆ ತಗೊಂಡೋರಿಗೆ ಇನ್ನೊಂದು. ರಾಜ್ಯದ ಟ್ಯಾಕ್ಸು, ಪ್ರಾಪರ್ಟಿ ಟ್ಯಾಕ್ಸ್ ಸೇರಿ 10,000 ಡಾಲರ್‌ಗಿಂತ ಜಾಸ್ತಿ ಫೆಡರಲ್ ಟ್ಯಾಕ್ಸ್ ಲೆಕ್ಕದ ಆದಾಯದಿಂದ ಕಳೆಯೋ ಹಾಗಿಲ್ಲ ಅಂತ 2017ರಲ್ಲಿ ಬಂದಿದ್ದ ಮಿತಿ 2025ಕ್ಕೆ 40,000 ಆಯ್ತು, ಆ ವರ್ಷ ಆದಾಯ 500,000 ದಾಟಿದ್ರೆ ಮತ್ತೆ ಇಳೀತಿತ್ತು. ಅಲ್ಲಿನ ರಿಪಬ್ಲಿಕನ್ ಸಂಸದರೇ ಇದಕ್ಕೆ ಹಠ ಹಿಡಿದಿದ್ರು, ಡೆಮಾಕ್ರಟ್ ರಾಜ್ಯಗಳ ಶ್ರೀಮಂತರಿಗೇ ಲಾಭ ಅಂತ ಅವರ ಪಕ್ಷದೋರೇ ಗೊಣಗಿದ್ರು.

ಇನ್ನು ಊರಿಗೆ ದುಡ್ಡು ಕಳ್ಸೋ ಟ್ಯಾಕ್ಸ್: ಮೊದ್ಲು 5 ಪರ್ಸೆಂಟ್ ಅಂದು ಗಾಬರಿ ಮಾಡಿದ್ರು, ಕೊನೆಗೆ 1ಕ್ಕೆ ನಿಂತು 2026ರ ಜನವರಿಯಿಂದ ಅಂತಾಯ್ತು, ಅದೂ ಕ್ಯಾಶ್, ಮನಿ ಆರ್ಡರ್ ಥರದ್ದಕ್ಕೆ. ಅಪ್ಪ-ಅಮ್ಮಂಗೆ ಬ್ಯಾಂಕ್ ಅಕೌಂಟಿಂದ ಕಳಿಸ್ತಿದ್ರೆ ಏನೂ ಹಿಡಿಯಲ್ಲ.