ಪ್ರೊಸೆಸರ್‌ಗೆ ಕೂಲರ್ ಕೊಳ್ಳುವ ಮೊದಲು ಸ್ಕೇಲು ಇಟ್ಟು ನೋಡಿ
ಟವರ್ ಏರ್ ಕೂಲರ್ (ಪ್ರೊಸೆಸರ್ ಮೇಲೆ ಗೋಪುರದ ಹಾಗೆ ನಿಲ್ಲುವ, ಫ್ಯಾನ್ ಇರುವ ಕೂಲರ್) ತರುವ ಮೊದಲು ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಒಳಗಿನ ಆಳ ಅಳೆಯಿರಿ. ಕರೆಂಟ್ ಪ್ಲಗ್ ಕಿತ್ತು, ಪ್ಲಾಸ್ಟಿಕ್ ಸ್ಕೇಲನ್ನು ಪ್ರೊಸೆಸರ್ ಪಕ್ಕದ ಖಾಲಿ ಜಾಗದಲ್ಲಿ ಮದರ್‌ಬೋರ್ಡ್ ಮೇಲೆ ಮೆತ್ತಗೆ ನಿಲ್ಲಿಸಿ, ಬಾಗಿಲು ಕೂರುವ ಅಂಚಿನವರೆಗೆ ನೋಡಿ. ಸ್ಕೂಲ್ ಸ್ಕೇಲಿನಲ್ಲಿ ಸೊನ್ನೆಗಿಂತ ಮುಂಚೆ ಒಂದಿಷ್ಟು ಖಾಲಿ ತುದಿ ಇರುತ್ತದಲ್ವಾ, ಅದನ್ನೂ ಸೇರಿಸಿಕೊಳ್ಳಿ. ಬಂದ ಅಳತೆಯಲ್ಲಿ 12 ಮಿ.ಮೀ. ಕಳೆಯಿರಿ. ಸುಮಾರು 8 ಮಿ.ಮೀ. ಪ್ರೊಸೆಸರ್ ಕೂರುವ ಸಾಕೆಟ್ ಮತ್ತು ಪ್ರೊಸೆಸರ್ ದಪ್ಪಕ್ಕೆ ಹೋಗುತ್ತದೆ, ಮಿಕ್ಕಿದ್ದು ಬಾಗಿಲಿನ ಗಾಜಿಗೆ ತಗಲದಿರಲಿ ಅಂತ. ನಿಮ್ಮ ಕೂಲರಿನ ಎತ್ತರ ಉಳಿದಷ್ಟರೊಳಗೇ ಇರಬೇಕು. ಫ್ಯಾನೇ 120 ಮಿ.ಮೀ., ಅದರ ಕೆಳಗೆ ಶಾಖ ಒಯ್ಯುವ ಹೀಟ್ ಪೈಪು ಬಾಗಬೇಕು, ಹಾಗಾಗಿ ಇಂಥ ಕೂಲರ್‌ಗಳು ಸುಲಭವಾಗಿ 150 ದಾಟುತ್ತವೆ. ಮಾದರಿಗಳಲ್ಲಿ ಹೈಪರ್ 212 ಇವೋ 159 ಮಿ.ಮೀ., ನಾಕ್ಚುವಾ ಎನ್‌ಎಚ್-ಡಿ15 165 ಮಿ.ಮೀ. ಮಂಡ್ಯದಿಂದ ಮೈಸೂರಿಗೆ ಹೋಗಿ ತಂದ ಮೇಲೆ ಬಾಗಿಲು ಮುಚ್ಚದಿದ್ದರೆ, ವಾಪಸ್ ಕೊಡೋಕೆ ಸುಮ್ನೆ ಮತ್ತೆ 45 ಕಿ.ಮೀ. ಓಡಾಟ. ರ‍್ಯಾಮ್ ಮೇಲೆ ಎತ್ತರದ ಹೀಟ್‌ಸಿಂಕ್ (ಶಾಖ ಹೊರಹಾಕುವ ಲೋಹದ ಕವಚ) ಇದ್ದರೆ ಮಾತ್ರ ಈ ಲೆಕ್ಕ ಕೈಕೊಡುತ್ತದೆ: ಕೂಲರಿನ ಮುಂದಿನ ಫ್ಯಾನನ್ನು ಮೇಲಕ್ಕೆ ಸರಿಸಬೇಕಾಗುತ್ತದೆ, ಸರಿಸಿದಷ್ಟೂ ಎತ್ತರ ಜಾಸ್ತಿ. ಹಳೇ ಕೂಲರನ್ನೇ ಹೊಸ ಇಂಟೆಲ್ ಬೋರ್ಡಿಗೆ ಹಾಕುವವರು ಇನ್ನೊಂದು ನೋಡಿಕೊಳ್ಳಿ. ಇಂಟೆಲ್‌ನ ಹಳೇ ಸಾಕೆಟ್ ಎಲ್‌ಜಿಎ 1200ರಲ್ಲಿ ಕೂಲರ್ ಬಿಗಿಯುವ ತೂತುಗಳ ನಡುವೆ 75 ಮಿ.ಮೀ. ಇದ್ದದ್ದು ಆಮೇಲಿನ ಎಲ್‌ಜಿಎ 1700ರಲ್ಲಿ 78 ಆಗಿದೆ, ಕೂಲರ್ ಕೂರಿಸಲು ಬೇರೆ ಬ್ರಾಕೆಟ್ ಬೇಕು. ಮತ್ತೆ, ಯಾವ ಏರ್ ಕೂಲರೂ ಕೋಣೆಯ ಗಾಳಿಗಿಂತ ತಂಪು ಮಾಡೋದಿಲ್ಲ. ಏಪ್ರಿಲ್ ಮಧ್ಯಾಹ್ನ ಕ್ಯಾಬಿನೆಟ್ಟನ್ನು ಗೋಡೆಗೆ ಒತ್ತಿ ಇಟ್ಟಿದ್ದರೆ ಮೊದಲು ಅದನ್ನು ಒಂದು ಗೇಣು ಈಚೆಗೆ ಎಳೆಯಿರಿ.